ಎರಡು ಸಲವೂ ‘ಇಲ್ಲ’ ಎಂದರೆ ಅದು ನಿಜವೇ?

ಹನೂರು ಕಡೆಯ ಹಳ್ಳಿಯೊಂದರಲ್ಲಿ ತಂಬಾಕಿನ ಸಮೀಕ್ಷೆ ನಡೆಯುತ್ತಿದೆ ಎಂದುಕೊಳ್ಳಿ. ‘ತಂಬಾಕು ಬಳಸ್ತೀರಾ ಅಮ್ಮಾ?’ ‘ಇಲ್ಲ ಕನಪ್ಪ.’ ಹದಿನೈದು ದಿನ ಬಿಟ್ಟು ಹೋದರೂ ಅದೇ ಉತ್ತರ. ಆಕೆ ಸುಳ್ಳಾಡುತ್ತಿಲ್ಲ. ಕೇಳುತ್ತಿರುವುದು ಬೀಡಿ ಸೇದುವ ವಿಚಾರ ಎಂದುಕೊಂಡಿದ್ದಾರೆ. ಎಲೆಅಡಿಕೆಯ ಜೊತೆ ಬಾಯಿಗೆ ಹಾಕಿಕೊಳ್ಳುವ ಹೊಗೆಸೊಪ್ಪು ಆ ಲೆಕ್ಕಕ್ಕೆ ಬಂದೇ ಇಲ್ಲ.

ಮತ್ತೆ ಮತ್ತೆ ಅಳೆದಾಗಲೂ ಒಂದೇ ಫಲ ಬಂದರೆ ಅಳತೆಗೆ ವಿಶ್ವಾಸಾರ್ಹತೆ ಇದೆ ಎನ್ನುತ್ತಾರೆ. ಅಳೆಯಬೇಕಾದ್ದನ್ನೇ ಅಳೆದರೆ ಸಿಂಧುತ್ವ. ಈ ತಾಯಿಯ ಉತ್ತರದಲ್ಲಿ ಮೊದಲನೆಯದು ಇದೆ, ಎರಡನೆಯದು ಇಲ್ಲ.

ವಿಶ್ವಾಸಾರ್ಹತೆಯ ಲೆಕ್ಕವೂ ಮೋಸ ಮಾಡಬಹುದು. ನೂರು ಮಂದಿಯನ್ನು ಎರಡು ಸಲ ಕೇಳಿದಿರಿ. ಒಂದೊಂದು ಸಲವೂ 10 ಮಂದಿ ‘ಹೌದು’ ಎಂದರು. ಎರಡೂ ಸಲ ಹಾಗೆಂದವರು 5 ಮಂದಿ ಮಾತ್ರ. ಎರಡೂ ಸಲ ‘ಇಲ್ಲ’ ಎಂದವರು 85. ಒಟ್ಟು 90 ಮಂದಿಯ ಉತ್ತರ ಹೊಂದಿತು. ಹಿಗ್ಗಬೇಡಿ. ‘ಇಲ್ಲ’ ಎನ್ನುವವರೇ ಹೆಚ್ಚಿರುವ ಕಡೆ, ಬಾಯಿಗೆ ಬಂದಂತೆ ಉತ್ತರಿಸಿದ್ದರೂ 82 ಉತ್ತರ ಆಕಸ್ಮಿಕವಾಗಿ ಹೊಂದುತ್ತಿದ್ದವು (0.9×0.9 + 0.1×0.1 = 0.82). ಅದರ ಮೇಲೆ ಸಿಗಬಹುದಾಗಿದ್ದು 18, ಸಿಕ್ಕಿದ್ದು 8. ಭಾಗಿಸಿದರೆ 0.44. ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ‘ಕಪ್ಪಾ’ ಇದೇ. ಶೇ. 90 ಎಂದು ಮಾತ್ರ ಬರೆದು ಇದನ್ನು ಬಿಡುವ ವರದಿಯನ್ನು ನಾನು ನಂಬುವುದಿಲ್ಲ.

ಅಳತೆ ಅಲುಗಾಡಿದರೆ ಎರಡು ಸಂಗತಿಗಳ ನಂಟು ನಿಜಕ್ಕಿಂತ ಸಡಿಲವಾಗಿ ಕಾಣುತ್ತದೆ ಎಂದು 1904ರಲ್ಲೇ ತೋರಿಸಿದವರು ಚಾರ್ಲ್ಸ್ ಸ್ಪಿಯರ್‌ಮನ್.

ಸಿಂಧುತ್ವ ಪರೀಕ್ಷಿಸಲು ಬೇರೊಂದು ಸಾಕ್ಷಿ ಬೇಕು. ತಂಬಾಕಿನ ನಿಕೋಟಿನ್ ದೇಹದೊಳಗೆ ಕೋಟಿನಿನ್ ಆಗುತ್ತದೆ. ಎಂಜಲಿನಲ್ಲಿ ಅದನ್ನು ಅಳೆಯಬಹುದು. ಆದರೆ ಅದು ಹೇಳುವುದು ಈಚಿನ ಕೆಲವೇ ದಿನಗಳ ಕಥೆ. ಮಾದಪ್ಪನ ಜಾತ್ರೆಯಲ್ಲಷ್ಟೇ ಸೇದುವವರು ಅದಕ್ಕೆ ಸಿಕ್ಕದೆ ಹೋಗಬಹುದು. ಕೇಳುವ ರೀತಿ ಬದಲಿಸುವುದು ಇದಕ್ಕಿಂತ ಅಗ್ಗ. ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆ ಹೊಗೆಯ ತಂಬಾಕನ್ನೂ ಹೊಗೆರಹಿತ ತಂಬಾಕನ್ನೂ ಬೇರೆಬೇರೆಯಾಗಿ ಕೇಳುತ್ತದೆ. 2016-17ರಲ್ಲಿ ದೇಶದ ವಯಸ್ಕರಲ್ಲಿ ಸೇದುವವರು ಶೇ. 10.7, ಹೊಗೆರಹಿತ ತಂಬಾಕು ಬಳಸುವವರು ಶೇ. 21.4. ಬೀಡಿ-ಸಿಗರೇಟನ್ನಷ್ಟೇ ಕೇಳಿದ್ದರೆ ಈ ದೊಡ್ಡ ಪಾಲು ಕಣ್ಮರೆಯಾಗುತ್ತಿತ್ತು.

ಕೊಳ್ಳೇಗಾಲದ ಪೇಟೆಯಲ್ಲಿ ಪರೀಕ್ಷಿಸಿದ ಪ್ರಶ್ನಾವಳಿಯನ್ನು ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟಕ್ಕೆ, ಸೋಲಿಗ ಬುಡಕಟ್ಟಿನವರ ಪೋಡುಗಳೆಂಬ ಹಾಡಿಗಳಿಗೆ ಹಾಗೇ ಒಯ್ಯುವಂತಿಲ್ಲ. ಮೇಲಿನ 0.44ರಂಥ ಕಪ್ಪಾ ಅಂಕಿ ಬರೀ ಪ್ರಶ್ನೆಗೆ ಅಂಟಿದ್ದಲ್ಲ, ಆ ಪ್ರಶ್ನೆಗೆ ಉತ್ತರಿಸಿದ ಆ ಜನಕ್ಕೆ ಅಂಟಿದ್ದು. ಪೋಡಿನಲ್ಲಿ ಮೊದಲು ಹತ್ತು ಮಂದಿಯ ಜೊತೆ ಕೂತು ಕೇಳಿ. ಉತ್ತರ ಬಂದ ಮೇಲೆ, ‘ನಾನು ಕೇಳಿದ್ದು ನಿಮಗೆ ಏನಂತ ತಿಳೀತು?’ ಎಂದು ವಿಚಾರಿಸಿ. ಅವರು ಹೇಳಿದ್ದನ್ನು ಬರೆದುಕೊಂಡು ಪ್ರಶ್ನೆ ತಿದ್ದಿ, ಆಮೇಲೆ ಅಚ್ಚಿಗೆ ಕೊಡಿ.