ಟಿಕೆಟ್ ರದ್ದು ಮತ್ತು ‘ನೋ-ಶೋ’ ದಂಡ: ಊರಿಗೆ ಹೊರಡುವವರು ಓದಲೇಬೇಕಾದ ಸಣ್ಣ ಅಕ್ಷರಗಳು



ಮಕ್ಕಳಿಗೆ ಜುಲೈ-ಆಗಸ್ಟ್ ರಜೆ ಎಂದರೆ ನಮ್ಮಲ್ಲಿ ಅನೇಕರ ಮನೆಗಳಲ್ಲಿ ಚಳಿಗಾಲದಲ್ಲೇ ಬೆಂಗಳೂರಿನ ಟಿಕೆಟ್ ಹುಡುಕಾಟ ಶುರು. ಯಾವುದು ಅಗ್ಗ, ಎಷ್ಟು ಕೆಜಿ ಲಗೇಜು, ದುಬೈಯಲ್ಲೋ ಲಂಡನ್ನಿನಲ್ಲೋ ಎಷ್ಟು ಗಂಟೆ ಕಾಯಬೇಕು, ಎಲ್ಲವನ್ನೂ ನೋಡುತ್ತೇವೆ. ಹೊರಡಲು ಆಗದಿದ್ದರೆ ದುಡ್ಡಿನ ಗತಿಯೇನು ಎಂದು ಬರೆದಿರುವ ಪುಟವನ್ನು ಮಾತ್ರ ತೆರೆದು ನೋಡುವವರು ಕಡಿಮೆ. ನಾಲ್ಕು ಜನರ ಸಂಸಾರಕ್ಕೆ ಇದು ಸಣ್ಣ ಮೊತ್ತವಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ವಿಮಾನವನ್ನು ಕಂಪನಿ ರದ್ದು ಮಾಡುವುದು ಬೇರೆ, ಟಿಕೆಟನ್ನು ನಾವು ರದ್ದು ಮಾಡುವುದು ಬೇರೆ. ಕಂಪನಿಯೇ ರದ್ದು ಮಾಡಿದರೆ ಯುರೋಪಿನ 261/2004 ಎಂಬ ಕಾನೂನು ನಮ್ಮ ಬೆನ್ನಿಗಿದೆ. 2005ರ ಫೆಬ್ರವರಿ 17ರಿಂದ ಜಾರಿಯಲ್ಲಿರುವ ಇದರ ಪ್ರಕಾರ ಏಳು ದಿನಗಳೊಳಗೆ ಪೂರ್ತಿ ಹಣ ವಾಪಸ್, ಅಥವಾ ಬೇರೆ ವಿಮಾನ, ಆಯ್ಕೆ ನಮ್ಮದು. ಡಬ್ಲಿನ್‌ನಿಂದ ಹೊರಡುವಾಗ ಯಾವ ದೇಶದ ಕಂಪನಿಯಾದರೂ ಇದು ಅನ್ವಯ. ಬೆಂಗಳೂರಿನಿಂದ ಮರಳುವಾಗ ಮಾತ್ರ ವಿಮಾನ ಯುರೋಪಿಯನ್ ಒಕ್ಕೂಟದ ಕಂಪನಿಯದಾಗಿರಬೇಕು. ಹೋಗುವುದು ಬರುವುದು ಒಂದೇ ಟಿಕೆಟ್ಟಿನಲ್ಲಿದ್ದರೂ ಅವು ಬೇರೆ ಬೇರೆ ಪ್ರಯಾಣವೇ ಎಂದು ಯುರೋಪಿನ ನ್ಯಾಯಾಲಯ 2008ರಲ್ಲಿ, ಎಮಿರೇಟ್ಸ್ ಕಂಪನಿಯ ಮೊಕದ್ದಮೆಯಲ್ಲಿ, ಹೇಳಿದೆ.

ನಾವಾಗಿಯೇ ರದ್ದು ಮಾಡಿದಾಗ ಈ ಕಾನೂನು ನೆರವಿಗೆ ಬರುವುದಿಲ್ಲ. ಆಗ ಲೆಕ್ಕಕ್ಕೆ ಬರುವುದು ಟಿಕೆಟ್ಟಿನ ಜೊತೆಗಿರುವ ‘ಫೇರ್ ರೂಲ್ಸ್’, ಅಂದರೆ ದರದ ಷರತ್ತುಗಳು. ಆನ್‌ಲೈನ್ ಖರೀದಿಗೆ ಹದಿನಾಲ್ಕು ದಿನದೊಳಗೆ ವಾಪಸ್ ಮಾಡುವ ಹಕ್ಕಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಇದೆ, ಆದರೆ ವಿಮಾನದ ಟಿಕೆಟ್ಟಿಗಿಲ್ಲ. ಪ್ರಯಾಣಿಕರ ಸಾರಿಗೆಯನ್ನು ಆ ನಿಯಮದಿಂದ ಹೊರಗಿಟ್ಟಿದ್ದಾರೆ. ಇಪ್ಪತ್ತನಾಲ್ಕು ಗಂಟೆಯೊಳಗೆ ಉಚಿತ ರದ್ದತಿ ಎಂಬ ಮಾತೂ ಚಾಲ್ತಿಯಲ್ಲಿದೆ. ಅದು ಮೂಲತಃ ಅಮೆರಿಕಕ್ಕೆ ಹೋಗಿಬರುವ ವಿಮಾನಗಳಿಗೆ ಅಲ್ಲಿನ ಸರ್ಕಾರ ಮಾಡಿದ ನಿಯಮ. ಬೇರೆ ಮಾರ್ಗಗಳಲ್ಲಿ ಕೆಲವು ಕಂಪನಿಗಳು ತಾವಾಗಿ ಕೊಡುತ್ತವೆ, ಕೆಲವು ಕೊಡುವುದಿಲ್ಲ.

ಈಗ ಆ ಷರತ್ತುಗಳನ್ನು ಓದುವ ಬಗೆ. ‘ಪೆನಾಲ್ಟೀಸ್’ ಎಂಬ ವಿಭಾಗಕ್ಕೆ ನೇರವಾಗಿ ಹೋಗಿ. ಅಲ್ಲಿ ‘ಬಿಫೋರ್ ಡಿಪಾರ್ಚರ್’ ಮತ್ತು ‘ಆಫ್ಟರ್ ಡಿಪಾರ್ಚರ್’ ಎಂದು ಎರಡು ಭಾಗ ಇರುತ್ತವೆ. ಇಲ್ಲಿ ಡಿಪಾರ್ಚರ್ ಎಂದರೆ ಇಡೀ ಟಿಕೆಟ್ಟಿನ ಮೊದಲ ವಿಮಾನ ಹೊರಡುವುದು. ಬೆಂಗಳೂರು ತಲುಪಿದ ಮೇಲೆ ವಾಪಸ್ ಪ್ರಯಾಣ ರದ್ದು ಮಾಡಿದರೆ ಅದು ‘ಆಫ್ಟರ್’ ಲೆಕ್ಕಕ್ಕೆ ಸೇರುತ್ತದೆ, ಅಗ್ಗದ ಟಿಕೆಟ್ಟುಗಳಲ್ಲಿ ಆಗ ಸಿಗುವುದು ಬಹುತೇಕ ಸೊನ್ನೆ. ದಿನಾಂಕ ಬದಲಾವಣೆ, ರದ್ದತಿ, ನೋ-ಶೋ, ಈ ಮೂರಕ್ಕೂ ಬೇರೆ ಬೇರೆ ಮೊತ್ತ ಬರೆದಿರುತ್ತಾರೆ. ಬದಲಾವಣೆ ‘ಉಚಿತ’ ಎಂದಿದ್ದರೂ ಹೊಸ ದಿನದ ದರ ಹೆಚ್ಚಿದ್ದರೆ ವ್ಯತ್ಯಾಸ ಕಟ್ಟಲೇಬೇಕು. ಹೋಗುವಾಗ ಒಂದು ದರ, ಬರುವಾಗ ಇನ್ನೊಂದು ದರ ಸೇರಿಸಿದ ಟಿಕೆಟ್ಟಾದರೆ ಸಾಮಾನ್ಯವಾಗಿ ಎರಡರಲ್ಲಿ ಕಠಿಣವಾದ ಷರತ್ತೇ ಇಡೀ ಟಿಕೆಟ್ಟಿಗೆ ಅನ್ವಯ.

ನೋ-ಶೋ ಎಂದರೆ ಹೇಳದೆ ಕೇಳದೆ ಹೋಗದಿರುವುದು. ಬುಕಿಂಗ್ ಹಾಗೇ ಇದೆ, ಸೀಟು ಖಾಲಿ ಹಾರಿದೆ. ತಡವಾಗಿ ಬಂದು ಚೆಕ್-ಇನ್ ಮುಚ್ಚಿದ್ದರೂ ಅದೇ ಲೆಕ್ಕ. ಮಗುವಿನ ಐರಿಶ್ ಪಾಸ್‌ಪೋರ್ಟ್ ತಂದು ಓಸಿಐ ಕಾರ್ಡ್ ಮನೆಯಲ್ಲಿ ಮರೆತು ಬಂದರೂ ಅಷ್ಟೆ, ಏಕೆಂದರೆ ದಾಖಲೆ ಸರಿಯಿಲ್ಲದವರನ್ನು ಹತ್ತಿಸದಿದ್ದರೆ ಯುರೋಪಿನ ಕಾನೂನಿನಲ್ಲೂ ಪರಿಹಾರವಿಲ್ಲ. ರದ್ದತಿ ಶುಲ್ಕದ ಮೇಲೆ ನೋ-ಶೋ ದಂಡ ಸೇರುವುದೆಂದರೆ ಗಾಯದ ಮೇಲೆ ಬರೆ ಎಳೆದ ಹಾಗೆ!

ಒಂದು ಲೆಕ್ಕ ಮಾಡಿ ನೋಡೋಣ (ಅಂಕಿಗಳು ಉದಾಹರಣೆಗಷ್ಟೆ). ತಲಾ 900 ಯೂರೋ ಟಿಕೆಟ್, ರದ್ದತಿ ಶುಲ್ಕ 200, ನೋ-ಶೋ ದಂಡ ಮತ್ತೆ 150 ಎಂದುಕೊಳ್ಳಿ. ಮೊದಲೇ ರದ್ದು ಮಾಡಿದರೆ ನಾಲ್ವರಿಗೆ 2,800 ಯೂರೋ ವಾಪಸ್. ಸುಮ್ಮನೆ ಕೂತರೆ 2,200. ಒಂದು ಫೋನ್ ಕರೆಯ ಬೆಲೆ 600 ಯೂರೋ!

‘ನಾನ್-ರಿಫಂಡಬಲ್’ ಟಿಕೆಟ್ಟಾದರೆ ರದ್ದು ಮಾಡಿ ಏನು ಪ್ರಯೋಜನ ಎನ್ನಬಹುದು. ಟಿಕೆಟ್ಟಿನ ದರ ಮೂರು ಪಾಲಿನದು: ಮೂಲ ದರ, ಕಂಪನಿಯೇ ಹಾಕುವ ಸರ್‌ಚಾರ್ಜ್, ಮತ್ತು ವಿಮಾನ ನಿಲ್ದಾಣ, ಸರ್ಕಾರಗಳ ತೆರಿಗೆ-ಶುಲ್ಕಗಳು. ಮೊದಲೆರಡು ಹೋಗಬಹುದು, ಮೂರನೆಯದನ್ನು ನಾವು ಹಾರದಿದ್ದರೆ ಕೇಳಿ ಪಡೆಯಲು ಅನೇಕ ಕಂಪನಿಗಳಲ್ಲಿ ಅವಕಾಶವಿದೆ. ಭಾರತೀಯ ಕಂಪನಿಗಳಿಗಂತೂ ಡಿಜಿಸಿಎ 2016ರಲ್ಲೇ ಇದನ್ನು ಕಡ್ಡಾಯ ಮಾಡಿದೆ. ಕೇಳದಿದ್ದರೆ ಯಾರೂ ಕರೆದು ಕೊಡುವುದಿಲ್ಲ. ಇದಕ್ಕೂ ‘ಪ್ರೊಸೆಸಿಂಗ್ ಶುಲ್ಕ’ ಹಿಡಿಯುವವರಿದ್ದಾರೆ. ಏರ್ ಬರ್ಲಿನ್ ಕಂಪನಿ ಹೀಗೆ 25 ಯೂರೋ ಹಿಡಿಯುತ್ತಿದ್ದ ಪ್ರಕರಣದಲ್ಲಿ, ಇಂಥ ಷರತ್ತು ಗ್ರಾಹಕರಿಗೆ ಅನ್ಯಾಯವೇ ಎಂದು ಕೋರ್ಟುಗಳು ಪರಿಶೀಲಿಸಬಹುದು ಎಂದು 2017ರ ಜುಲೈನಲ್ಲಿ ಯುರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿತು.

ಇನ್ನು ಐರ್ಲೆಂಡಿನಲ್ಲಿರುವ ನಮಗೆ ವಿಶೇಷವಾಗಿ ಕಾಲು ಜಾರುವ ಜಾಗ. ರಯಾನ್‌ಏರ್‌ನಲ್ಲಿ ಓಡಾಡಿ ನಮಗೆ ಅಭ್ಯಾಸ. ಅಲ್ಲಿ ಹೋಗುವ ವಿಮಾನ ತಪ್ಪಿದರೂ ಬರುವ ವಿಮಾನದ ಸೀಟು ಉಳಿದಿರುತ್ತದೆ. ದೂರದ ಪ್ರಯಾಣದ ದೊಡ್ಡ ಕಂಪನಿಗಳಲ್ಲಿ ಸಾಮಾನ್ಯವಾಗಿ ಹಾಗಲ್ಲ. ಡಬ್ಲಿನ್-ಲಂಡನ್-ಬೆಂಗಳೂರು ಮತ್ತು ವಾಪಸ್ ಒಂದೇ ಟಿಕೆಟ್ ಎಂದಿಟ್ಟುಕೊಳ್ಳಿ. ಲಂಡನ್ನಿನಲ್ಲಿ ಅಕ್ಕನ ಮನೆಗೆ ಎರಡು ದಿನ ಮೊದಲೇ ಹೋಗಿ, ಹೀಥ್ರೋದಲ್ಲಿ ನೇರವಾಗಿ ಬೆಂಗಳೂರು ವಿಮಾನ ಹತ್ತೋಣ ಎಂದು ಹೊರಟರೆ, ಡಬ್ಲಿನ್ ವಿಮಾನಕ್ಕೆ ಬರಲಿಲ್ಲವೆಂದು ಮುಂದಿನದೆಲ್ಲ, ವಾಪಸ್ ಬರುವುದೂ ಸೇರಿ, ರದ್ದಾಗಿರುತ್ತದೆ. ಟಿಕೆಟ್ಟಿನ ಕೂಪನ್‌ಗಳನ್ನು ಬರೆದ ಕ್ರಮದಲ್ಲೇ ಬಳಸಬೇಕು ಎಂಬುದು ಷರತ್ತು. ಇದು ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. ದುಡ್ಡು ಕೊಟ್ಟ ಸೀಟಿನಲ್ಲಿ ಕೂರುವುದು ಬಿಡುವುದು ನಮ್ಮಿಷ್ಟವಾಗಬೇಕಿತ್ತು. ಆದರೆ ವಾದ ಮಾಡುವ ಜಾಗ ಚೆಕ್-ಇನ್ ಕೌಂಟರ್ ಅಲ್ಲ. ಮೊದಲೇ ಕಂಪನಿಗೆ ಫೋನ್ ಮಾಡಿ ಮಾರ್ಗ ಬದಲಿಸಿಕೊಳ್ಳಿ.

ಊರಲ್ಲಿ ತಂದೆಯವರಿಗೆ ಹುಷಾರಿಲ್ಲ, ಇನ್ನೆರಡು ವಾರ ಇರಬೇಕು ಎಂದಾಗಲೂ ಇದೇ ಮಾತು. ಆಸ್ಪತ್ರೆಯ ಓಡಾಟದಲ್ಲಿ ವಾಪಸ್ ಟಿಕೆಟ್ ಯಾರಿಗೂ ನೆನಪಾಗುವುದಿಲ್ಲ. ವಿಮಾನ ಹೊರಡುವ ಮುನ್ನ ತಿಳಿಸಿದರೆ ದಿನಾಂಕ ಬದಲಿಸಬಹುದು, ಹೊರಟ ಮೇಲೆ ಹೊಸ ಟಿಕೆಟ್ಟೇ ಗತಿಯಾಗಬಹುದು. ಈ ಕೆಲಸವನ್ನು ಡಬ್ಲಿನ್ನಿನಲ್ಲೋ ಕಾರ್ಕ್‌ನಲ್ಲೋ ಇರುವ ಸ್ನೇಹಿತರೊಬ್ಬರಿಗೆ ವಹಿಸಿ. ಬುಕಿಂಗ್ ಸಂಖ್ಯೆ ಅವರ ಬಳಿಯೂ ಇರಲಿ. ಆನ್‌ಲೈನ್ ಚೆಕ್-ಇನ್ ಮಾಡಿಬಿಟ್ಟಿದ್ದರೆ ಮೊದಲು ಅದನ್ನು ತೆಗೆಸಬೇಕು ಎಂಬುದನ್ನೂ ಅವರಿಗೆ ಹೇಳಿರಿ.

ಅಪ್ಪ-ಅಮ್ಮನನ್ನು ಇಲ್ಲಿಗೆ ಕರೆಸುವವರಿಗೆ ಒಂದು ಮಾತು. ದರ ಏರುತ್ತದೆಂದು ವೀಸಾ ಬರುವ ಮೊದಲೇ ಟಿಕೆಟ್ ತೆಗೆಯುವ ಆಸೆ ಸಹಜ. ವೀಸಾ ತೀರ್ಮಾನ ಬರುವವರೆಗೆ ಟಿಕೆಟ್ ಕೊಳ್ಳಬೇಡಿ ಎಂದು ಐರಿಶ್ ವಲಸೆ ಇಲಾಖೆಯೇ ಹೇಳುತ್ತದೆ. ನಿರಾಕರಣೆಯಾದರೆ ಮೇಲ್ಮನವಿಗೆ ಎರಡು ತಿಂಗಳ ಅವಕಾಶವಿದೆ, ಆದರೆ ಟಿಕೆಟ್ ಅಷ್ಟು ದಿನ ಕಾಯುವುದಿಲ್ಲ. ತೆಗೆಯಲೇಬೇಕೆಂದರೆ ಐವತ್ತು-ನೂರು ಯೂರೋ ಹೆಚ್ಚಾದರೂ ಹಣ ವಾಪಸ್ ಬರುವ ದರ್ಜೆಯದನ್ನೇ ತೆಗೆಯಿರಿ.

ಏಜೆಂಟರ ಮೂಲಕ ಕೊಂಡಿದ್ದರೆ ರದ್ದತಿಗೂ ಅವರನ್ನೇ ಕೇಳಬೇಕು, ಕಂಪನಿಯ ಶುಲ್ಕದ ಮೇಲೆ ಅವರದೂ ಒಂದಿರುತ್ತದೆ. ಎಷ್ಟೆಂದು ಕೊಳ್ಳುವಾಗಲೇ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ರದ್ದು ಮಾಡಿದ ದಿನ, ಸಮಯ, ಕಂಪನಿಯ ಉತ್ತರ ಇವನ್ನೂ ತೆಗೆದಿಡಿ.

ಕಂಪನಿಯೇ ವಿಮಾನ ರದ್ದು ಮಾಡಿ ಹಣ ಕೊಡದಿದ್ದರೆ ದೂರು ಐರಿಶ್ ಏವಿಯೇಷನ್ ಅಥಾರಿಟಿಗೆ. 2023ರ ಮೇ 1ರಿಂದ ಈ ಕೆಲಸ ಅವರದು. ನಾವೇ ರದ್ದು ಮಾಡಿದ ಟಿಕೆಟ್ಟಿನ ಬಾಕಿ ಹಣದ ತಕರಾರಿಗೆ ಡಿಸ್ಟ್ರಿಕ್ಟ್ ಕೋರ್ಟಿನ ‘ಸ್ಮಾಲ್ ಕ್ಲೇಮ್ಸ್’ ವ್ಯವಸ್ಥೆ ಇದೆ. 2,000 ಯೂರೋವರೆಗಿನ ಮೊತ್ತಕ್ಕೆ ಅರ್ಜಿ ಹಾಕಬಹುದು, ಶುಲ್ಕ 25 ಯೂರೋ, ವಕೀಲರು ಬೇಕಾಗಿಲ್ಲ.