ಗ್ಲಾಸನನ್ನು ಬದುಕಿಸಿದುದು ಯಾವುದು?

2015ರಲ್ಲಿ ತೆರೆಕಂಡ ‘ದಿ ರೆವೆನೆಂಟ್’ ಚಲನಚಿತ್ರವನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಕರಡಿಯ ಉಗುರಿಗೆ ಸಿಕ್ಕಿ ಜರ್ಝರಿತನಾದ ಹ್ಯೂ ಗ್ಲಾಸ್ ಎಂಬ ಬೇಟೆಗಾರನನ್ನು ಸಂಗಡಿಗರು ಕಾಡಿನಲ್ಲಿಯೇ ಬಿಟ್ಟುಹೋಗುತ್ತಾರೆ. ಅವರಲ್ಲೊಬ್ಬನು ಗ್ಲಾಸನ ಮಗನನ್ನೂ ಕೊಲ್ಲುತ್ತಾನೆ. ಸೇಡಿನ ಕಿಚ್ಚೊಂದನ್ನೇ ನೆಚ್ಚಿ ಗ್ಲಾಸನು ಹಿಮವನ್ನೂ ಹೊಳೆಯನ್ನೂ ದಾಟಿ ಬರುತ್ತಾನೆ. ನಾಯಕನ ಪಾತ್ರಕ್ಕಾಗಿ ಲಿಯೊನಾರ್ಡೊ ಡಿಕಾಪ್ರಿಯೊ ಅವರಿಗೆ ಆಸ್ಕರ್ ಪ್ರಶಸ್ತಿ ದೊರೆಯಿತು. ಆದರೆ ಮನುಷ್ಯನ ದೇಹವು ಸೇಡನ್ನು ನೆಚ್ಚಿ ಬದುಕಬಲ್ಲದೆ?

ನಮ್ಮ ಒಡಲಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಅದು 35ಕ್ಕಿಂತ ಕೆಳಗಿಳಿದರೆ ಅಪಾಯ ಮೊದಲಾಗುತ್ತದೆ. ಇನ್ನೂ ಇಳಿದರೆ ನಡುಕವೂ ನಿಂತು, ಬುದ್ಧಿ ಮಂಕಾಗುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಸೆಳೆದುಕೊಳ್ಳುತ್ತದೆ. ಚಿತ್ರದ ನಾಯಕನು ಕರಡಿಯ ತೊಗಲನ್ನು ಹೊದ್ದು, ಕೊರೆಯುವ ಹೊಳೆಯಲ್ಲಿ ತೇಲಿಹೋಗುತ್ತಾನೆ. ತೊಗಲು ನಮ್ಮನ್ನು ಬೆಚ್ಚಗಿಡುವುದು ಕೂದಲುಗಳ ನಡುವೆ ಸೆರೆಯಾದ ಗಾಳಿಯಿಂದ. ನೆನೆದೊಡನೆ ಆ ಗಾಳಿಯ ಸ್ಥಾನವನ್ನು ನೀರು ಆಕ್ರಮಿಸುತ್ತದೆ. ರಕ್ಷಣೆಯಾಗಬೇಕಾದ ಹೊದಿಕೆಯೇ ತಣ್ಣನೆಯ ಭಾರವಾಗುತ್ತದೆ. ಗಾಯಗೊಂಡು ಹಸಿದವನು ಅಂಥ ಸ್ಥಿತಿಯಲ್ಲಿ ಬಹುಕಾಲ ಉಳಿಯಲಾರ.

ಹಾಗಾದರೆ ನಿಜವಾದ ಗ್ಲಾಸನು ಉಳಿದುದು ಹೇಗೆ? ಆ ಘಟನೆ ನಡೆದುದು 1823ರ ಆಗಸ್ಟ್‌ನಲ್ಲಿ, ಇಂದಿನ ಅಮೆರಿಕದ ದಕ್ಷಿಣ ಡಕೋಟ ಪ್ರಾಂತದ ಗ್ರ್ಯಾಂಡ್ ನದಿಯ ಬಳಿ. ಹಿಮಾವೃತ ಪರ್ವತಗಳಲ್ಲಲ್ಲ, ಬೇಸಗೆಯ ಹುಲ್ಲುಗಾವಲಿನಲ್ಲಿ. ಬಂದೂಕವನ್ನೂ ಕಳೆದುಕೊಂಡ ಅವನು ತೆವಳುತ್ತ, ಕುಂಟುತ್ತ, ಮಿಸೌರಿ ನದಿಯ ಮೇಲಿನ ಕಿಯೋವ ಕೋಟೆಯವರೆಗೆ ಸುಮಾರು 320 ಕಿಲೋಮೀಟರ್ ದೂರವನ್ನು ಕ್ರಮಿಸಿದನು. ಕಾಡುಹಣ್ಣು, ಗೆಡ್ಡೆಗೆಣಸುಗಳೂ ತೋಳಗಳು ಕೊಂದ ಕಾಡೆಮ್ಮೆಯ ಕರುವಿನ ಮಾಂಸವೂ ಅವನ ಆಹಾರವಾಗಿದ್ದುವೆಂದು ಹಳೆಯ ವೃತ್ತಾಂತಗಳು ಹೇಳುತ್ತವೆ. ಇದೇ ಪ್ರಸಂಗ ಜನವರಿಯಲ್ಲಿ ನಡೆದಿದ್ದರೆ ಹಣ್ಣೂ ಇರುತ್ತಿರಲಿಲ್ಲ, ನೆಲವೂ ಅಗೆಯಲು ಬಾರದಷ್ಟು ಗಟ್ಟಿಯಾಗಿರುತ್ತಿತ್ತು.

ಅವನ ಗಾಯದ ಕೊಳೆತ ಮಾಂಸವನ್ನು ಹುಳುಗಳು ತಿಂದು ಶುಚಿಮಾಡಿದುವೆಂದು ಐತಿಹ್ಯವೊಂದಿದೆ. ಕೇಳಿದರೆ ಹೇಸಿಗೆಯೆನಿಸಿದರೂ ಇದು ಅಸಂಭವವಲ್ಲ. ಕೆಲವು ಜಾತಿಯ ನೊಣಗಳ ಮರಿಹುಳುಗಳು ಸ್ರವಿಸುವ ರಸವು ಸತ್ತ ಮಾಂಸವನ್ನು ಕರಗಿಸುತ್ತದೆ. ಕೆಲವು ರೋಗಾಣುಗಳನ್ನೂ ಅಡಗಿಸುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಇದನ್ನು ಗಮನಿಸಿದ ವಿಲಿಯಂ ಬೇಯರ್ ಎಂಬ ಶಸ್ತ್ರವೈದ್ಯರ ಚಿಕಿತ್ಸಾನುಭವವು 1931ರಲ್ಲಿ ಪ್ರಕಟವಾಯಿತು. 2004ರಲ್ಲಿ ಅಮೆರಿಕ ಸರ್ಕಾರದ ಆಹಾರ ಮತ್ತು ಔಷಧ ಇಲಾಖೆಯು ಈ ಹುಳುಗಳ ಬಳಕೆಗೆ ಅನುಮತಿಯನ್ನಿತ್ತಿತು. ಆದರೆ ಹುಳುವಾಗಬೇಕಾದರೆ ನೊಣ ಹಾರಬೇಕು. ನೊಣ ಹಾರಬೇಕಾದರೆ ಬೇಸಗೆಯಿರಬೇಕು. ಇಲ್ಲಿಯೂ ಋತುವೇ ಸಹಾಯಕ್ಕೆ ಬಂದಿತೆನ್ನಬೇಕು.

ಸೇಡಿಗೆ ಶಕ್ತಿಯೇ ಇಲ್ಲವೆಂದಲ್ಲ. ಕೋಪ ಬಂದಾಗ ಅಡ್ರಿನಲೀನ್ ರಕ್ತಕ್ಕಿಳಿದು, ಹೃದಯದ ಬಡಿತವನ್ನು ಹೆಚ್ಚಿಸಿ, ಸ್ನಾಯುಗಳನ್ನು ಸಜ್ಜುಗೊಳಿಸುತ್ತದೆ. ಆದರೆ ಅದರ ಪ್ರಭಾವ ಕೆಲವೇ ನಿಮಿಷಗಳದು. ವಾರಗಟ್ಟಲೆ ತೆವಳಲು ಬೇಕಾದುದು ಅನ್ನ, ನೀರು, ಬೆಚ್ಚನೆಯ ರಾತ್ರಿಗಳು. ಮನಸ್ಸಿನ ಹಟವು ಇವುಗಳನ್ನು ಹುಡುಕಿಸಬಲ್ಲದು, ಇಲ್ಲದಲ್ಲಿ ಸೃಷ್ಟಿಸಲಾರದು.

ಇನ್ನು ಸೇಡಿನ ಮಾತು. ಮೂಲ ವೃತ್ತಾಂತಗಳಲ್ಲಿ ಕೊಲೆಯಾದ ಮಗನ ಸುದ್ದಿಯೇ ಇಲ್ಲ. ತನ್ನನ್ನು ಬಿಟ್ಟುಹೋದವರಿಬ್ಬರನ್ನೂ ಗ್ಲಾಸನು ಹುಡುಕಿಕೊಂಡು ಹೋದುದು ನಿಜ. ಚಿಕ್ಕ ವಯಸ್ಸಿನವನನ್ನು ಕ್ಷಮಿಸಿದನು. ಇನ್ನೊಬ್ಬನಾದ ಫಿಟ್ಸ್‌ಜೆರಾಲ್ಡನು ಸೈನ್ಯವನ್ನು ಸೇರಿದ್ದನು. ಅವನಿಂದ ತನ್ನ ಬಂದೂಕವನ್ನು ಹಿಂದಕ್ಕೆ ಪಡೆದು, ಗ್ಲಾಸನು ಯಾರನ್ನೂ ಕೊಲ್ಲದೆ ತನ್ನ ದಾರಿಯನ್ನು ಹಿಡಿದನು.