ಮಿಲ್ಟ್ರಿಯಿಂದ ಬಂದವನ ಸಿಟ್ಟು: ಊರಿನ ಮಾತು, ಕಾಗದದ ಮಾತು

ಹಾವೇರಿ ಸೀಮೆಯಲ್ಲಿ ದೀಪಾವಳಿ ಎಂದರೆ ಹೋರಿ ಹಬ್ಬ. ಕೊಬ್ಬರಿ ಹಾರ, ಬಲೂನು, ಜೂಲ ಕಟ್ಟಿಕೊಂಡ ಹೋರಿ ಅಖಾಡಕ್ಕೆ ನುಗ್ಗಿತೆಂದರೆ ಕೇಕೆ, ಸೀಟಿ, ಪಟಾಕಿ, ನೂಕುನುಗ್ಗಲು. ಊರೆಲ್ಲ ಅಲ್ಲಿ ನೆರೆದಿರುವಾಗ ಹದಿನೇಳು ವರ್ಷ ಸೇನೆಯಲ್ಲಿದ್ದು ಬಂದವನೊಬ್ಬ ಒಳಮನೆಯ ಬಾಗಿಲು ಹಾಕಿಕೊಂಡು ಕೂತ ಎಂದುಕೊಳ್ಳಿ. ಕಟ್ಟೆಯ ಮೇಲಿನವರ ಮಾತು ಸಿದ್ಧವಾಗಿರುತ್ತದೆ:

“ಗಡಿಯೊಳಗ ಗುಂಡು ಹೊಡದಾಂವ, ಪಟಾಕಿಗೆ ಅಂಜ್ತಾನ?”

ಅಂಜುವುದಿಲ್ಲ. ಅವನ ಮೈ ತನ್ನ ಕೆಲಸ ಮಾಡುತ್ತಿದೆ, ಅಷ್ಟೆ. ಸಣ್ಣ ಸಪ್ಪಳವನ್ನು ಮೊದಲು ಹಿಡಿದವನೇ ಬದುಕಿ ಉಳಿಯುವ ಜಾಗದಲ್ಲಿ ವರ್ಷಗಟ್ಟಲೆ ಇದ್ದವನ ಮಿದುಳು, ನಿವೃತ್ತಿಯ ಕಾಗದ ಕೈಗೆ ಬಂದ ದಿನವೇ ಆ ಕಾವಲು ಬಿಡುವುದಿಲ್ಲ. ಹೊಲದಲ್ಲಿ ಹಂದಿ ಓಡಿಸಲು ಯಾರೋ ಹೊಡೆದ ಪಟಾಕಿ, ಗಣಪತಿ ಮೆರವಣಿಗೆಯ ಡಿಜೆ, ಸುಟ್ಟ ರಬ್ಬರಿನ ವಾಸನೆ, ಇಷ್ಟು ಸಾಕು. ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಹಳೆಯದೊಂದು ಘಟನೆ ನೆನಪಿನಂತೆ ಬಾರದೆ ಈಗಲೇ ನಡೆಯುತ್ತಿದ್ದಂತೆ ಬರುತ್ತದೆ. ವೈದ್ಯರು ಪಿಟಿಎಸ್‌ಡಿ ಎನ್ನುವುದು ಇದಕ್ಕೆ. ಬಿಡದೆ ಕಾಡುವ ದೃಶ್ಯ ಮತ್ತು ಕನಸು, ಅದನ್ನು ನೆನಪಿಸುವ ಜಾಗ, ಜನ, ಮಾತಿನಿಂದ ತಪ್ಪಿಸಿಕೊಳ್ಳುವುದು, ಯಾವುದರಲ್ಲೂ ರುಚಿ ಇಲ್ಲದೆ ‘ನಾನು ಯಾಕೆ ಉಳಿದೆ’ ಎಂದು ಕೊರಗುವುದು, ಸದಾ ಎಚ್ಚರ ಮತ್ತು ಸಿಡುಕು. ಇವು ಒಂದು ತಿಂಗಳಿಗೂ ಮೀರಿ ಉಳಿದು ಮನೆ, ಕೆಲಸ, ನಿದ್ದೆ ಕೆಡಿಸಿದರೆ ಅದು ಕಾಯಿಲೆ. ಇಂಥ ಮನೆಯ ಹೆಂಗಸರಿಗೆ ಈ ಪಟ್ಟಿ ಬೇಕಿಲ್ಲ. ಮಲಗಿದವನನ್ನು ಭುಜ ಮುಟ್ಟಿ ಎಬ್ಬಿಸಬಾರದು, ದೂರ ನಿಂತು ಹೆಸರು ಹಿಡಿದು ಕೂಗಬೇಕು ಎಂದು ಅವರು ತಾವೇ ಕಲಿತಿರುತ್ತಾರೆ.

1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ಬ್ರಿಟಿಷ್ ವೈದ್ಯ ಮೊದಲ ಮಹಾಯುದ್ಧದ ಸೈನಿಕರಲ್ಲಿ ಇದನ್ನು ಕಂಡು ‘ಶೆಲ್ ಶಾಕ್’ ಎಂದು ಬರೆದ. ಈಗಿನ ಹೆಸರು ವೈದ್ಯಕೀಯ ಪುಸ್ತಕ ಸೇರಿದ್ದು 1980ರಲ್ಲಿ, ವಿಯೆಟ್ನಾಂನಿಂದ ಮರಳಿದ ಅಮೆರಿಕನ್ ಸೈನಿಕರು ಹಟ ಹಿಡಿದ ಮೇಲೆ.

“ಇಂವ ಯುದ್ಧಕ್ಕ ಹೋಗೇ ಇಲ್ಲ, ಇವಂಗೆಲ್ಲಿಂದ ಬಂತು?”

ಯುದ್ಧವೇ ಆಗಬೇಕೆಂದಿಲ್ಲ. 2001–02ರ ‘ಆಪರೇಷನ್ ಪರಾಕ್ರಮ’ದಲ್ಲಿ ಯುದ್ಧ ನಡೆಯಲಿಲ್ಲ, ಆದರೆ ಗಡಿಗುಂಟ ನೆಲಬಾಂಬು ಹೂಳುವಾಗ, ತೆಗೆಯುವಾಗ ಸತ್ತವರು, ಕಾಲು ಕಳೆದುಕೊಂಡವರು ಬಹಳ. ನಮ್ಮ ನೆರೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಈ ಭಾಗದಲ್ಲಿ ಯಾರೂ ಮರೆತಿಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿಯಿತು. ಆರನೆಯ ದಿನ ಅವರನ್ನು ಜೀವಂತ ಹೊರತೆಗೆದರು. 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರನ್ನು ನೆನೆಯುವಾಗ ನನಗೆ ಹಿಮ ಅಗೆದವರೂ ನೆನಪಾಗುತ್ತಾರೆ. ತಮ್ಮದೇ ಪಲ್ಟನ್ನಿನವರ ದೇಹಗಳನ್ನು ಒಂದೊಂದಾಗಿ ಎತ್ತಿ ಹೊರಗಿಟ್ಟ ಕೈಗಳು ಅವು. ಅಲ್ಲಿ ಯಾವ ಶತ್ರುವೂ ಗುಂಡು ಹಾರಿಸಿರಲಿಲ್ಲ.

ಸಮವಸ್ತ್ರವೂ ಬೇಕಿಲ್ಲ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ನವೀನ್ ದಾಳಿಗೆ ಬಲಿಯಾದಾಗ, ನೆಲಮಾಳಿಗೆಗಳಲ್ಲಿ ಜೀವ ಹಿಡಿದು ಕೂತಿದ್ದ ಹುಡುಗ ಹುಡುಗಿಯರು ಕಂಡದ್ದೂ ಯುದ್ಧವೇ.

ಹಾಗೆಂದು ಆಘಾತ ಕಂಡವರೆಲ್ಲರಿಗೂ ಇದು ಅಂಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನ ಸುಮಾರು ಶೇ 70ರಷ್ಟು ಜನ ಬದುಕಿನಲ್ಲಿ ಒಮ್ಮೆಯಾದರೂ ಇಂಥ ಘಟನೆ ಎದುರಿಸುತ್ತಾರೆ, ಕಾಯಿಲೆ ಬೀಳುವವರು ಅವರಲ್ಲಿ ಶೇ 5.6 ಮಾತ್ರ. ಅದೇ ಬಂಕರಿನಲ್ಲಿದ್ದ ಗೆಳೆಯ ಆರಾಮ ಇದ್ದಾನೆ ಎಂಬುದು, ಇವನು ನಾಟಕ ಮಾಡುತ್ತಿದ್ದಾನೆ ಎಂಬುದಕ್ಕೆ ಸಾಕ್ಷಿಯಾಗದು. ತಡವಾಗಿ ಶುರುವಾಯಿತು ಎಂಬುದೂ ಆಗದು. ಘಟನೆಯಾಗಿ ಆರು ತಿಂಗಳ ನಂತರ, ಕೆಲವೊಮ್ಮೆ ವರ್ಷಗಳ ನಂತರ ಪೂರ್ಣವಾಗಿ ಕಾಣಿಸಿಕೊಳ್ಳುವ ಬಗೆಯೊಂದಿದೆ. ಪಲ್ಟನ್ನಿನ ಶಿಸ್ತು, ಸುತ್ತಲಿನ ಜೊತೆಗಾರರು ಇರುವವರೆಗೆ ತಡೆದುಕೊಂಡದ್ದು, ನಲವತ್ತರ ಹೊತ್ತಿಗೆ ಊರಿಗೆ ಬಂದು ಬ್ಯಾಂಕಿನ ಬಾಗಿಲಲ್ಲಿ ಮತ್ತೆ ಬಂದೂಕು ಹಿಡಿದು ನಿಂತಾಗ ಸಡಿಲಬಹುದು.

“ದೆವ್ವ ಬಡದೈತಿ”

ರಾಣೆಬೆನ್ನೂರಿನಿಂದ ಉಕ್ಕಡಗಾತ್ರಿ ದೂರವಿಲ್ಲ. ತುಂಗಭದ್ರೆಯ ದಂಡೆಯ ಕರಿಬಸವೇಶ್ವರ ಅಜ್ಜಯ್ಯನ ಸನ್ನಿಧಿಗೆ ಇಂಥವರನ್ನು ಕರೆದೊಯ್ಯುವುದು ತಲೆಮಾರಿನ ರೂಢಿ. ಹೋಗಬೇಡಿ ಎಂದು ನಾನು ಬರೆಯುವುದಿಲ್ಲ. ಮನೆಯವರೆಲ್ಲ ಒಬ್ಬನಿಗಾಗಿ ಕೆಲಸ ಬಿಟ್ಟು ಜೊತೆಗಿರುವುದಕ್ಕೂ ಒಂದು ಗುಣವಿದೆ. ಗುಳಿಗೆ ನಿಲ್ಲಿಸಬೇಡಿ, ಹೊಡೆಸಬೇಡಿ, ಕಟ್ಟಿಹಾಕಬೇಡಿ. ಅಷ್ಟೇ.

“ಕುಡದ ಹಾಳಾದ, ಅದಕ್ಕೇನ ಪಿಂಚಣಿ?”

ಎಲ್ಲಕ್ಕಿಂತ ಹೆಚ್ಚು ಮನೆ ಕೆಡಿಸಿರುವ ನಂಬಿಕೆ ಇದು. ಹೆಚ್ಚು ಹಣ ಕಳೆದಿರುವುದೂ ಇದೇ.

ಕ್ಯಾಂಟೀನಿನ ಬಾಟಲಿಗೆ ಊರಲ್ಲಿ ಬಲು ಮರ್ಯಾದೆ. ಮಿಲ್ಟ್ರಿ ಮಾಮಾ ಬಂದರೆ ‘ಕೋಟಾ ತಂದೀಯೇನ’ ಎಂಬುದೇ ಮೊದಲ ಪ್ರಶ್ನೆ. ಕೊಡುವವನು ತಾನೂ ಕುಡಿಯುತ್ತಾನೆ, ಮೊದಮೊದಲು ಗೆಳೆತನಕ್ಕೆ, ಆಮೇಲೆ ನಿದ್ದೆಗೆ. ಮದ್ಯ ಬೇಗ ನಿದ್ದೆ ಬರಿಸುತ್ತದೆ, ನಿಜ. ಆದರೆ ರಾತ್ರಿಯ ಎರಡನೆಯ ಅರ್ಧ ಕೆಡಿಸುತ್ತದೆ, ಕನಸುಗಳನ್ನು ಇನ್ನಷ್ಟು ಕೆರಳಿಸುತ್ತದೆ. ಮರುರಾತ್ರಿ ಇನ್ನೊಂದು ಪೆಗ್. ಹೀಗೆ ಕಾಯಿಲೆ ಒಳಗೆ ಸರಿದು ಕುಡಿತವೊಂದೇ ಊರಿಗೆ ಕಾಣುತ್ತದೆ.

ಕಾಗದಕ್ಕೂ ಅದೊಂದೇ ಕಂಡರೆ ದೊಡ್ಡ ನಷ್ಟ. ಸೇನೆಯ ಪಿಂಚಣಿ ನಿಯಮಗಳ ಪ್ರಕಾರ ಮದ್ಯ, ಮಾದಕ ವಸ್ತುಗಳ ಅತಿಬಳಕೆಯಿಂದ ಬಂದ ವೈಕಲ್ಯಕ್ಕೆ ಪರಿಹಾರವಿಲ್ಲ. ಅದು ಅವನವನ ಹಿಡಿತದಲ್ಲಿದ್ದ ವಿಷಯ ಎಂದು ನಿಯಮ ಹೇಳುತ್ತದೆ. ಆದ್ದರಿಂದ ಬಿಡುಗಡೆಯ ವೈದ್ಯಕೀಯ ಮಂಡಳಿಯ ಹಾಳೆಯಲ್ಲಿ ‘ಆಲ್ಕೋಹಾಲ್ ಡಿಪೆಂಡೆನ್ಸ್ ಸಿಂಡ್ರೋಮ್’ ಎಂಬ ಒಂದೇ ಸಾಲು ಬಂದರೆ ಬಾಗಿಲು ಬಹುಪಾಲು ಮುಚ್ಚಿದಂತೆ. ಕುಡಿತಕ್ಕೂ ಮೊದಲೇ ಕೆಟ್ಟ ಕನಸು, ನಿದ್ರಾಹೀನತೆ, ಬೆಚ್ಚಿಬೀಳುವುದು ಇತ್ತೇ ಎಂಬುದು ಎಲ್ಲಾದರೂ ಬರಹದಲ್ಲಿ ಇರಬೇಕು. ಯೂನಿಟ್ ವೈದ್ಯರಿಗೆ ತೋರಿಸಿದ ಚೀಟಿ, ಮಿಲಿಟರಿ ಆಸ್ಪತ್ರೆಯ ಮನೋರೋಗ ವಾರ್ಡಿನಲ್ಲಿದ್ದ ದಾಖಲೆ, ಯಾವ ಘಟನೆಯ ನಂತರ ಎಂಬ ಉಲ್ಲೇಖ. ಹೆಸರು ಬೇರೆಯಾದರೂ ಗಾಬರಿಪಡಬೇಕಿಲ್ಲ. ನಮ್ಮಲ್ಲಿ ಹಾಳೆಯ ಮೇಲೆ ‘ಪಿಟಿಎಸ್‌ಡಿ’ ಎಂದೇ ಬರಬೇಕೆಂದಿಲ್ಲ; ಖಿನ್ನತೆ, ಆತಂಕ, ಹೊಂದಾಣಿಕೆಯ ತೊಂದರೆ ಎಂಬ ಹೆಸರುಗಳಲ್ಲೂ ಇರಬಹುದು.

ನೌಕರಿಯಲ್ಲಿದ್ದಾಗ ಇದನ್ನು ಮುಚ್ಚಿಡಲು ಕಾರಣವಿದೆ, ಅದನ್ನೂ ಒಪ್ಪಬೇಕು. ಸೈನಿಕನ ದೇಹಸ್ಥಿತಿಯನ್ನು ಅಳೆಯುವ ‘ಶೇಪ್’ ಎಂಬ ಐದಕ್ಷರದ ಲೆಕ್ಕದಲ್ಲಿ ಮೊದಲ ಅಕ್ಷರ ಮನಸ್ಸಿನದು. ಅಲ್ಲಿ ದರ್ಜೆ ಇಳಿದರೆ ಬಡ್ತಿ, ಪೋಸ್ಟಿಂಗು ಎಲ್ಲಕ್ಕೂ ಕುತ್ತು. ಜೊತೆಯವರ ಎದುರು ಮುಖ ಉಳಿಸಿಕೊಳ್ಳುವ ಚಿಂತೆ ಬೇರೆ. ಹೇಳಿದರೆ ಈಗ ನಷ್ಟ, ಹೇಳದಿದ್ದರೆ ಮುಂದೆ ನಷ್ಟ. ವ್ಯವಸ್ಥೆ ಮಾಡಿಟ್ಟ ಈ ಇಕ್ಕಟ್ಟನ್ನು ಸೈನಿಕನ ಹೇಡಿತನ ಎನ್ನುವುದು ಅನ್ಯಾಯ.

“ಧಾರವಾಡದ ಚೀಟಿ ಇದ್ರ ಮಗಳಿಗೆ ಗಂಡ ಸಿಗೂದಿಲ್ಲ”

ಧಾರವಾಡದ ಆಸ್ಪತ್ರೆ 1845ರಷ್ಟು ಹಳೆಯದು, ಅದರ ಹೆಸರಿಗೆ ಅಂಟಿದ ಬೈಗುಳವೂ ಅಷ್ಟೇ ಹಳೆಯದು. ಈಗ ಅದು ಡಿಮ್ಹಾನ್ಸ್, ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ. ಹೊರರೋಗಿಯಾಗಿ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದು. ಅಷ್ಟು ದೂರವೂ ಬೇಡವೆಂದರೆ ಹಾವೇರಿಯ ಜಿಲ್ಲಾಸ್ಪತ್ರೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದ ದಿನ ಮನೋವೈದ್ಯರು ಬರುವ ‘ಮನೋಚೈತನ್ಯ’ ಎಂಬ ರಾಜ್ಯದ ಕಾರ್ಯಕ್ರಮವಿದೆ, ರಾಣೆಬೆನ್ನೂರು, ಬ್ಯಾಡಗಿಯವರು ಯಾವ ಮಂಗಳವಾರ ಎಂದು ಕೇಳಿಕೊಂಡು ಹೋದರಾಯಿತು. ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ ಫೋನು: ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. 2023ರ ಡಿಸೆಂಬರಿನಲ್ಲಿ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಸೈನಿಕರಿಗಾಗಿಯೇ ಇದರ ಘಟಕವೊಂದು ಶುರುವಾಗಿದೆ. ‘ಬದುಕುವುದೇ ಬೇಡ’ ಎಂಬ ಮಾತು ಬಾಯಿಗೆ ಬಂದರೆ ಮಂಗಳವಾರಕ್ಕೆ ಕಾಯದೆ ಅಂದೇ ಕರೆ ಮಾಡಿ, ಒಬ್ಬರನ್ನೇ ಬಿಡಬೇಡಿ.

ವಾಸಿಯಾಗುತ್ತದೆಯೇ? ಅನೇಕರಲ್ಲಿ ಚೆನ್ನಾಗಿ ಹಿಡಿತಕ್ಕೆ ಬರುತ್ತದೆ. ಘಟನೆಯನ್ನು ತಜ್ಞರ ಜೊತೆ ಮೆಲ್ಲಗೆ, ಸುರಕ್ಷಿತವಾಗಿ ಎದುರುಗೊಳ್ಳುವ ಮಾತಿನ ಚಿಕಿತ್ಸೆಗಳೇ ಇದರಲ್ಲಿ ಮುಖ್ಯ. ಸರ್ಟ್ರಲಿನ್‌ನಂಥ ಗುಳಿಗೆಗಳು ಜೊತೆಗಾಸರೆ. ಅವು ನಿದ್ದೆಗುಳಿಗೆಗಳಲ್ಲ, ಚಟವನ್ನೂ ಹಚ್ಚುವುದಿಲ್ಲ, ಕೆಲಸ ಶುರುಮಾಡಲು ವಾರಗಳು ಬೇಕು. ಎರಡು ದಿನ ನುಂಗಿ ‘ಏನೂ ಆಗಲಿಲ್ಲ’ ಎಂದು ಬಿಡುವವರೇ ಹೆಚ್ಚು.

“ಡಾಕ್ಟರ್ ‘ನಾನಾ’ ಅಂತ ಬರದಾರ, ಮುಗೀತು”

‘ನಾನಾ’ ಎಂದರೆ ಈ ವೈಕಲ್ಯ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ ಎಂಬ ಮಂಡಳಿಯ ಷರಾ. ಅದರ ಮೇಲೆ ವೈಕಲ್ಯ ಪಿಂಚಣಿಯ ಅರ್ಜಿ ತಿರಸ್ಕಾರ. ಬಹಳಷ್ಟು ಜನ ಅಲ್ಲಿಗೇ ಕೈಚೆಲ್ಲುತ್ತಾರೆ.

2013ರ ಜುಲೈನಲ್ಲಿ ಸುಪ್ರೀಂ ಕೋರ್ಟು ಧರಮ್‌ವೀರ್ ಸಿಂಗ್ ಎಂಬ ಸಿಪಾಯಿಯ ಪ್ರಕರಣದಲ್ಲಿ ಹೇಳಿದ್ದನ್ನು ಇವರು ಓದಬೇಕು. ಭರ್ತಿಯಾಗುವಾಗ ಕಾಯಿಲೆಯ ಉಲ್ಲೇಖವಿಲ್ಲದಿದ್ದರೆ ಅವನು ಆರೋಗ್ಯವಾಗಿಯೇ ಬಂದನೆಂದು ತಿಳಿಯಬೇಕು. ಆಮೇಲೆ ಕೆಟ್ಟದ್ದು ಸೇವೆಯಿಂದಲ್ಲ ಎಂದು ಸಾಧಿಸುವ ಹೊಣೆ ಸರ್ಕಾರದ್ದು. ಮಂಡಳಿ ತನ್ನ ಅಭಿಪ್ರಾಯಕ್ಕೆ ಕಾರಣ ಬರೆಯಲೇಬೇಕು. ಅದು ಮೂರ್ಛೆರೋಗದ ಪ್ರಕರಣ. 2015ರಲ್ಲಿ ರಾಜ್‌ಬೀರ್ ಸಿಂಗ್ ತೀರ್ಪು ಇದನ್ನೇ ಎತ್ತಿಹಿಡಿಯಿತು. 1982ರ ಅರ್ಹತಾ ನಿಯಮಗಳ ಅನುಬಂಧವೇ ಸೇವೆಯ ಒತ್ತಡದಿಂದ ಬಾಧಿತವಾಗುವ ಕಾಯಿಲೆಗಳಲ್ಲಿ ಮಾನಸಿಕ ಕಾಯಿಲೆಗಳನ್ನು ಹೆಸರಿಸಿದೆ.

ಆದರೆ ‘ತೀರ್ಪು ಇದೆ, ಗೆದ್ದೇ ಬಿಟ್ಟೆವು’ ಎನ್ನುವ ಏಜೆಂಟರ ಮಾತೂ ಅಷ್ಟೇ ಸುಳ್ಳು. 2019ರ ನರಸಿಂಗ್ ಯಾದವ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಮಾನಸಿಕ ಕಾಯಿಲೆ ಭರ್ತಿಯ ವೇಳೆ ಪತ್ತೆಯಾಗದೆ ಇರಬಹುದು, ಆದ್ದರಿಂದ ಆ ಅನುಕೂಲ ತಾನಾಗಿ ಸಿಗುವುದಿಲ್ಲ ಎಂದು ಪಿಂಚಣಿ ನಿರಾಕರಿಸಿತು. 2025ರ ಮೇ ತಿಂಗಳಲ್ಲಿ ರಾಜುಮೋನ್ ಪ್ರಕರಣದಲ್ಲಿ ಮಂಡಳಿ ಕಾರಣವನ್ನೇ ಬರೆದಿರಲಿಲ್ಲವೆಂದು ಸೈನಿಕನ ಪರ ತೀರ್ಪಾಯಿತು. ಎರಡೂ ಸ್ಕಿಜೋಫ್ರೇನಿಯಾ ಪ್ರಕರಣಗಳು. ಆದ್ದರಿಂದ ಮೊದಲು ಬೇಕಾದದ್ದು ಮಂಡಳಿಯ ನಡಾವಳಿಯ ಪ್ರತಿ. ದಾಖಲೆ ಕಚೇರಿಗೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿ ಹಾಕಿದರೂ ಕೇಳಬಹುದು. ಕಾರಣದ ಅಂಕಣದಲ್ಲಿ ಏನು ಬರೆದಿದ್ದಾರೆ? ‘ಶಾಂತಿ ಪ್ರದೇಶದಲ್ಲಿ ಶುರುವಾಯಿತು’ ಎಂಬ ಒಂದು ಸಾಲೇ? ಅದಕ್ಕೂ ಹಿಂದಿನ ಪೋಸ್ಟಿಂಗು ಎಲ್ಲಿತ್ತು? ವಕೀಲರ ಹತ್ತಿರ ಹೋಗುವ ಮೊದಲು ಈ ಪ್ರಶ್ನೆಗಳಿಗೆ ಉತ್ತರ ಕೈಯಲ್ಲಿರಲಿ.

ಮೊತ್ತದ ಬಗ್ಗೆಯೂ ಗೊಂದಲ. ಸಾಮಾನ್ಯ ನಿವೃತ್ತಿ ವೇತನ ಬರುತ್ತಿದ್ದರೂ ವೈಕಲ್ಯದ ಅಂಶ ಬೇರೆ. ಶೇ 100 ವೈಕಲ್ಯಕ್ಕೆ ಕೊನೆಯ ವೇತನದ ಶೇ 30. ಕಡಿಮೆಯಿದ್ದರೆ ಆ ಪ್ರಮಾಣದಲ್ಲಿ. ಸಾಮಾನ್ಯವಾಗಿ ಕನಿಷ್ಠ ಶೇ 20 ಇರಬೇಕು. 2014ರ ಡಿಸೆಂಬರಿನ ರಾಮ್ ಅವತಾರ್ ತೀರ್ಪಿನ ನಂತರ ಅವಧಿ ಮುಗಿಸಿ ಬಂದವರಿಗೂ ಶೇ 50ಕ್ಕಿಂತ ಕೆಳಗಿನದನ್ನು 50ಕ್ಕೆ ಏರಿಸಿ ಲೆಕ್ಕ ಹಾಕುವ ಸೌಲಭ್ಯ ದೊರೆಯಿತು. ಕೊನೆಯ ವೇತನ 40,000 ರೂಪಾಯಿ, ವೈಕಲ್ಯ ಶೇ 20 ಎಂದಿಟ್ಟುಕೊಂಡರೆ ತಿಂಗಳಿಗೆ 2,400ರ ಬದಲು 6,000, ಮೇಲೆ ತುಟ್ಟಿಭತ್ಯೆ. 2023ರ ಸೆಪ್ಟೆಂಬರ್ 21ರಿಂದ ಈಚೆ ನಿವೃತ್ತರಾದವರಿಗೆ ಹೊಸ ನಿಯಮಗಳಿವೆ. ಹಳಬರ ಲೆಕ್ಕ ಅವರಿಗೆ ಹೊಂದುವುದಿಲ್ಲ.

“ಇಪ್ಪತ್ತ ವರ್ಷ ಆತು, ಇನ್ನೇನು?”

ತಿರಸ್ಕಾರದ ಪತ್ರ ಹೊಸದಿದ್ದರೆ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ ಎರಡನೆಯದು, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕಕ್ಕೆ ಅದರ ಕೊಚ್ಚಿ ಪೀಠ. ಹಾವೇರಿಯವನಿಗೆ ಕೊಚ್ಚಿ! ದೂರದ ಈ ಭಯವೇ ಎಷ್ಟೋ ಅರ್ಜಿಗಳನ್ನು ಮನೆಯಲ್ಲೇ ಕೊಂದಿರಬೇಕು. ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ಅರ್ಜಿಗೆ ನೆರವು ಕೇಳಿ. ಸೈನಿಕ ಕುಟುಂಬಗಳಿಗೆಂದೇ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2025ರ ಜುಲೈನಲ್ಲಿ ‘ವೀರ್ ಪರಿವಾರ್ ಸಹಾಯತಾ ಯೋಜನೆ’ ಆರಂಭಿಸಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅದರ ಹೆಸರು ಹೇಳಿ ವಿಚಾರಿಸಬಹುದು.

ಹಳೆಯ ತಿರಸ್ಕಾರವೂ ಪೂರ್ತಿ ಸತ್ತಿಲ್ಲ. ಪಿಂಚಣಿ ತಿಂಗಳು ತಿಂಗಳೂ ಬರಬೇಕಾದದ್ದು, ಸಿಗದ ಪ್ರತಿ ತಿಂಗಳೂ ಹೊಸ ಅನ್ಯಾಯವೇ; ತಡವಾಗಿ ಹೋದರೆ ಸಾಮಾನ್ಯವಾಗಿ ಅರ್ಜಿಯ ಹಿಂದಿನ ಮೂರು ವರ್ಷಗಳ ಬಾಕಿ ಮಾತ್ರ ಸಿಗುತ್ತದೆ ಎಂದು 2008ರ ತರ್ಸೇಮ್ ಸಿಂಗ್ ತೀರ್ಪು ಹೇಳಿತು. ಸೇವೆ ಬಿಟ್ಟ ಮೇಲೆ ಕಾಯಿಲೆ ಕಾಣಿಸಿಕೊಂಡವರಿಗೂ, ನಿಗದಿತ ವರ್ಷಗಳೊಳಗಾದರೆ ಮತ್ತು ಬೇರು ಸೇವೆಯಲ್ಲಿತ್ತೆಂದು ವೈದ್ಯರು ಒಪ್ಪಿದರೆ ದಾರಿಯಿದೆ.

ಸಿಆರ್‌ಪಿಎಫ್, ಬಿಎಸ್‌ಎಫ್‌ನವರು ಮಾತ್ರ ಕೊಚ್ಚಿಯ ದಾರಿ ಹಿಡಿಯಬೇಕಿಲ್ಲ. ಊರು ಎಲ್ಲರನ್ನೂ ‘ಮಿಲ್ಟ್ರಿಯವರು’ ಎಂದೇ ಕರೆದರೂ ಅವರು ಆ ನ್ಯಾಯಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲ. ಅವರ ಪಿಂಚಣಿಗೆ ಕೇಂದ್ರ ನಾಗರಿಕ ಸೇವೆಯ ಅಸಾಧಾರಣ ಪಿಂಚಣಿ ನಿಯಮಗಳು. ತಕರಾರಿದ್ದರೆ ಹೈಕೋರ್ಟು, ಹಾವೇರಿಯವರಿಗೆ ಅದರ ಧಾರವಾಡ ಪೀಠ. ಬೆಳಿಗ್ಗೆಯ ರೈಲಿಗೆ ಹೋದರೆ ಸಂಜೆಗೆ ಮನೆ.